ನನ್ನ ವರದಿಯಲ್ಲಿ ಗೆಳತಿಯ ಹೊಲಿಗೆ ಮೆಷಿನ್

ಬೆಳ್ತಂಗಡಿಯ ಬ್ಯಾಂಕ್ ಮ್ಯಾನೇಜರು ನನ್ನ ಮನೆಸಾಲದ ಅರ್ಜಿಯನ್ನು ಹಿಂದಕ್ಕೆ ಸರಿಸಿ, "ಮೇಡಂ, ನಿಮ್ಮ ಕ್ರೆಡಿಟ್ ವರದಿಯಲ್ಲಿ ಹೊಲಿಗೆ ಮೆಷಿನ್ ಸಾಲ ಬಾಕಿ ಉಂಟಲ್ಲ?" ಎಂದರು. ನನಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಪುಂಜಾಲಕಟ್ಟೆಯ ಮನೆಗೆ ಮುಂಗಡ ಕೊಟ್ಟಾಗಿತ್ತು. ಎರಡು ತಿಂಗಳಲ್ಲಿ ಸಾಲ ಸಿಗದಿದ್ದರೆ ಮನೆ ಕೈಬಿಟ್ಟಂತೆಯೇ. ಬೀಡಿ ಕಟ್ಟಿ ನನ್ನನ್ನು ಮೂಡುಬಿದಿರೆಯ ಕಾಲೇಜಿಗೆ ಕಳಿಸಿದ ಅಮ್ಮನಿಗೆಂದು ನೋಡಿದ ಮನೆ.

ವರದಿ ಮಾಡುವ ಕಂಪನಿಯವರು ಅದನ್ನು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಲೇಬೇಕು. ತೆಗೆದು ನೋಡಿದೆ. ಸಾಲ ನನ್ನ ಗೆಳತಿಯದು. ನಮ್ಮಿಬ್ಬರದು ಒಂದೇ ಹೆಸರು, ಒಂದೇ ತರಗತಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆದದ್ದರಿಂದ ಜನ್ಮದಿನವೂ ಒಂದೇ. ಅವಳು ಏಳನೆಯದಕ್ಕೆ ಶಾಲೆ ಬಿಟ್ಟಳು. ನಮ್ಮ ಕಡೆ ನಾನೊಬ್ಬಳೇ ಡಿಗ್ರಿಯವಳೆಂದು ಎಲ್ಲರ ಅರ್ಜಿ ನಾನೇ ತುಂಬುತ್ತಿದ್ದೆ. ಫೋನಿಲ್ಲದವರಿಗೆ ನನ್ನ ನಂಬರನ್ನೇ ಹಾಕುತ್ತಿದ್ದೆ, ಅವಳಿಗೂ. ಹೆಸರು, ಜನ್ಮದಿನ, ನಂಬರು ಮೂರೂ ಹೊಂದಿ ಅವಳ ಸಾಲ ನನ್ನ ವರದಿಗೆ ಸೇರಿಬಿಟ್ಟಿತ್ತು. ಅದೊಂದು ಗತ್ತು. ಫೈನಾನ್ಸಿನವರ ಕರೆ ಬಂದಾಗ ಮೋಸದವರೆಂದು ಕಟ್ ಮಾಡಿದ್ದೂ ನಾನೇ.

"ನಂಬರ್ ನಾನು ಕೊಟ್ಟದ್ದಾ? ನೀನೇ ಬರೆದದ್ದು ಮಾರಾಯ್ತಿ," ಎಂದಳು ಗೆಳತಿ, ಬೀಡಿ ಸುತ್ತುವುದನ್ನು ನಿಲ್ಲಿಸದೆ. ಆಮೇಲೆ ಮೆತ್ತಗೆ, "ಗಂಡನಿಗೆ ಹುಷಾರಿಲ್ಲದಾಗ ನಾಲ್ಕು ಕಂತು ತಪ್ಪಿತು. ಬಳೆ ಅಡವಿಟ್ಟು ಕಟ್ಟಿಬಿಡ್ತೇನೆ."

"ಕಟ್ಟಿದರೂ ತಪ್ಪಿದ ಕಂತು ನನ್ನ ಹೆಸರಲ್ಲೇ ಉಳಿಯುತ್ತದೆ. ಸಾಲ ನನ್ನದಲ್ಲ ಅಂತಲೇ ಆಗಬೇಕು."

ಫರಂಗಿಪೇಟೆಯ ಏಜೆಂಟೊಬ್ಬ ಹತ್ತು ಸಾವಿರಕ್ಕೆ ಎಲ್ಲ ಅಳಿಸಿಕೊಡ್ತೇನೆ ಎಂದ, ಒಟಿಪಿಯನ್ನೂ ಕೇಳಿದ. ಎದ್ದು ಬಂದೆ. ತಪ್ಪು ತಿದ್ದಿಸಲು ಕಾಸು ಬೇಕಿಲ್ಲ. ವರದಿ ಮಾಡುವ ಕಂಪನಿಗೂ ಸಾಲ ಕೊಟ್ಟ ಫೈನಾನ್ಸಿಗೂ ನಾನೇ ದೂರು ಬರೆದೆ. ಇಬ್ಬರ ಪ್ಯಾನ್ ಕಾರ್ಡಿನ ಪ್ರತಿ ಲಗತ್ತಿಸಿದೆ. ಸಾಲ ತನ್ನದೆಂದು ಗೆಳತಿ ಸಹಿ ಹಾಕಿಕೊಟ್ಟಳು. ಮೂವತ್ತು ದಿನ ಮೀರಿದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವನ್ನೂ ಕೊನೆಯಲ್ಲಿ ನೆನಪಿಸಿದೆ.

ಇಪ್ಪತ್ತಾರನೆಯ ದಿನ ಹೊಸ ವರದಿ ಬಂತು. ಮೆಷಿನ್ ಇರಲಿಲ್ಲ. ಮೂರು ಸಲ ಓದಿ, ಅಮ್ಮನನ್ನು ಕರೆದು ಅವಳಿಗೂ ಓದಿ ಹೇಳಿದೆ. ಮ್ಯಾನೇಜರು ಈ ಸಲ ಅರ್ಜಿ ಇಟ್ಟುಕೊಂಡರು.

ಆ ವಾರ ನಾನೂ ಗೆಳತಿಯೂ ಬಂಟ್ವಾಳದ ಫೈನಾನ್ಸಿಗೆ ಹೋಗಿ, ನನ್ನ ನಂಬರು ತೆಗೆಸಿ ಅವಳ ಹೊಸ ಫೋನಿನ ನಂಬರು ಹಾಕಿಸಿದೆವು. ಅರ್ಜಿಯನ್ನು ಅವಳೇ ತುಂಬಿದಳು, ಅರ್ಧ ಗಂಟೆ ಹಿಡಿಯಿತು. ನಾನು ಪೆನ್ನು ಮುಟ್ಟಲಿಲ್ಲ.

"ಇನ್ನು ಕಂತಿನವರ ಬೈಗುಳ ನನಗೇ ಬರಲಿ," ಎಂದು ನಕ್ಕಳು. "ಹೋಗುವ. ನಿನ್ನ ಅಮ್ಮನ ಮನೆಗೆ ಪರದೆ ಹೊಲಿಯಲಿಕ್ಕುಂಟು."