ನಂದಿಬಟ್ಟಲು ಹೂವಿನ ನೀರು

ತಂಗಿ ಏಳು ತಿಂಗಳಿಗೇ ಹುಟ್ಟಿದವಳು. ಬಂಟ್ವಾಳದ ನಮ್ಮ ಜಗಲಿಯಲ್ಲಿ ಕೂತು ಬೀಡಿಯನ್ನು ಮೂಗಿನ ತುದಿಗೆ ಹಿಡಿದೇ ಕಟ್ಟುತ್ತಿದ್ದಳು. “ಮೂಸಿ ಕಟ್ಟುವುದಾ ಮಾರಾಯ್ತಿ?” ಎಂದು ನಾನು ಗೇಲಿ ಮಾಡುತ್ತಿದ್ದೆ.

ನಾನು ಬಿ.ಎ. ಪಾಸಾದ ವರ್ಷ ಅವಳೆಂದಳು, “ಅಣ್ಣಾ, ಬಲಗಣ್ಣಿಗೆ ಕಪ್ಪು ಪರದೆ ಬಿದ್ದ ಹಾಗೆ ಉಂಟು.”

ಹೊಗೆಸೊಪ್ಪಿನ ಪುಡಿ ಹೋಗಿರಬೇಕೆಂದು ಅಮ್ಮ ತಿಂಗಳಿಡೀ ಕಣ್ಣಿಗೆ ನಂದಿಬಟ್ಟಲು ಹೂವಿನ ನೀರು ಬಿಟ್ಟಳು. ದಿನಾ ಹೂ ಕೊಯ್ದು ಕೊಟ್ಟವನು ನಾನು, ಮನೆತನಕ್ಕೇ ಮೊದಲ ಪದವೀಧರ.

ಕೊನೆಗೆ ಮಂಗಳೂರಿಗೆ ಕರೆದೊಯ್ದಾಗ ಡಾಕ್ಟರು ಕೇಳಿದರು, “ದಿನ ತುಂಬದೆ ಹುಟ್ಟಿದವಳಾ?” ಅಂಥವರಿಗೆ ದೊಡ್ಡವರಾದ ಮೇಲೂ ಕಣ್ಣಿನ ಒಳಪೊರೆ ಕಳಚುವುದುಂಟಂತೆ. “ಪರದೆ ಕಂಡ ಕೂಡಲೇ ಬರಬೇಕಿತ್ತು. ಈ ಕಣ್ಣು ಹೋಯಿತು,” ಎಂದರು.

ಮರುದಿನ ಆ ಗಿಡ ಕಡಿಯಲು ಕತ್ತಿ ಹಿಡಿದು ಹೋದೆ. ಅಮ್ಮ ಅಡ್ಡ ಬಂದಳು. “ಕಡಿಯಬೇಡ ಮಗಾ, ಅವಳ ಇನ್ನೊಂದು ಕಣ್ಣಿಗೆ ಬೇಕಲ್ಲ.”