ಮಂಗಳ ಗ್ರಹದ ಕಟ್ಟಕಡೆಯ ಹೊಲಕ್ಕೆ ನೀರು

ಬೆಳಗಿನ ಐದೂವರೆ. ಭಾನುವಳ್ಳಿಯಾಚೆಯ ಉಪಕಾಲುವೆಯ ಏರಿಯ ಮೇಲೆ ಟಿವಿಎಸ್ ನಿಲ್ಲಿಸಿ, ಪಂಚೆ ಎತ್ತಿಕಟ್ಟಿ, ಮಾರಪ್ಪ ತೂಬಿನ ತಿರುಪು ತಿರುಗಿಸಿ ನೀರು ಬಿಡುತ್ತಿದ್ದಾರೆ. ಐವತ್ತೆರಡರ ಇವರು ಸೌಡಿ. ಯಾವ ಹೊಲಕ್ಕೆ ಯಾವ ಹೊತ್ತಿಗೆ ನೀರು ಎಂದು ನೋಡಿಕೊಳ್ಳುವ ದಿನಗೂಲಿ ನೌಕರ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹದಿನಾಲ್ಕು ತೂಬು, ಹನ್ನೊಂದು ಕಿಲೋಮೀಟರ್. ಸುತ್ತು ಮುಗಿದ ಮೇಲೆ ಹೊಂಗೆ ಮರದಡಿ ಕೂತು ಕಾದಂಬರಿ ಬರೆಯುತ್ತಾರೆ. ಅದೂ ಸಾಮಾನ್ಯದ್ದಲ್ಲ, ವೈಜ್ಞಾನಿಕ ಕಾದಂಬರಿ. ಅದರಲ್ಲೂ ಸರಣಿಯ ಎರಡನೆಯದು.

ಮೊದಲನೆಯದು ಮೂರು ವರ್ಷದ ಹಿಂದೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿರುವ ರಿಯಾಜ್ ಅವರ ಪ್ರೆಸ್ಸಿನಲ್ಲಿ ಅಚ್ಚಾಯಿತು, ಮುನ್ನೂರು ಪ್ರತಿ. ಮಂಗಳ ಗ್ರಹದಲ್ಲಿ ಮನುಷ್ಯರು ಕಾಲುವೆ ತೋಡಿ ಬೇಸಾಯ ಮಾಡುವ ಕಥೆ. ಕಾಲುವೆಯ ಮೇಲ್ಭಾಗದವರು ತಮ್ಮ ತೂಬು ಮುಚ್ಚದೆ ಕೊನೆಯ ಊರು ಒಣಗಿ, ಜನ ಗುಳೆ ಹೋಗುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಓದಿದ ನಾಲ್ಕು ಜನ ಹೊಗಳಿದರು. ಮಾರಪ್ಪ ಉಬ್ಬಿದ್ದೂ ನಿಜ.

ಆ ಉಬ್ಬನ್ನು ಇಳಿಸಿದವರು ದುರುಗಮ್ಮ. ಮಾರಪ್ಪನವರ ಕಾಲುವೆಯ ಕಟ್ಟಕಡೆಯ ಮುಕ್ಕಾಲು ಎಕರೆ ಈ ಅಜ್ಜಿಯದು. ಸೊಸೆ ಭಾಗ್ಯಲಕ್ಷ್ಮಿ ಹರಿಹರದಿಂದ ತಂದ ಪುಸ್ತಕವನ್ನು ಪೂರ್ತಿ ಓದಿಸಿಕೊಂಡು, ಏರಿಯ ಮೇಲೆ ಅಡ್ಡ ನಿಂತು ಕೇಳಿದರಂತೆ: "ಅಲ್ಲೋ ತಮ್ಮಾ, ಅಲ್ಲೂ ಕಡೀ ಹೊಲಕ್ಕೆ ನೀರಿಲ್ಲೇನೋ?"

"ಆಯಮ್ಮ ಕೇಳಿದ್ದು ಸರಿ ಐತ್ರಿ," ಎನ್ನುತ್ತಾರೆ ಮಾರಪ್ಪ. "ಇಲ್ಲಿ ಕೊಡಾಕೆ ನನ್ನ ಕೈಯಾಗೆ ಆಗ್ಲಿಲ್ಲ, ಸರಿ. ಅಲ್ಲಿ ಬರೆಯೋನು ನಾನೇ ಅಲ್ವೇನ್ರಿ, ಅಲ್ಲಾದ್ರೂ ಕೊಡಬೋದಿತ್ತು."

ಎರಡನೆಯದು ಶುರುವಾದದ್ದು ಹಾಗೆ. ಹನ್ನೊಂದು ಅಧ್ಯಾಯ ಸಲೀಸಾಗಿ ಬಂದು, ಕೊನೆಯ ಊರಿಗೆ ನೀರು ಮುಟ್ಟಿಸಬೇಕಾದ ಹನ್ನೆರಡನೆಯದು ಕೈಕೊಟ್ಟಿತು. ಮೋಡವನ್ನೇ ಎಳೆದು ತರುವ ಯಂತ್ರವೊಂದನ್ನು ಇಟ್ಟುಬಿಡಿ ಎಂದರು ರಿಯಾಜ್. ಮಾರಪ್ಪ ಒಪ್ಪಲಿಲ್ಲ. "ಕೊನೆಗೆ ನೀರು ಹೋಗ್ಬೇಕಂದ್ರೆ ಮ್ಯಾಲಿನವ್ರು ತೂಬು ಮುಚ್ಚಬೇಕ್ರಿ. ಬ್ಯಾರೆ ಯಂತ್ರ ಯಾವ್ದೂ ಇಲ್ಲ. ಸುಳ್ಳು ಬರೆದ್ರೆ ಆಯಮ್ಮಗೆ ಗೊತ್ತಾಗ್ತೈತೆ." ಎಂಟು ತಿಂಗಳಲ್ಲಿ ನಾಲ್ಕು ಸಲ ಹರಿದು ಬರೆದರು. ಕೊನೆಗೆ ಮಂಗಳದ ಸೌಡಿಯನ್ನು ನೀರಿನ ಜೊತೆಯೇ ನಡೆಸಿದರು. ಆತ ಒಂದೊಂದು ತೂಬಿನ ಮುಂದೂ ನಿಂತು, ಕೈಮುಗಿದು, ಬೈಸಿಕೊಂಡು ಮುಚ್ಚಿಸುತ್ತಾನೆ.

ಇವತ್ತು ಕೆಲಸ ಮುಗಿಸಿ, ದುರುಗಮ್ಮನವರ ಹೊಲದ ಬದುವಿನ ಮೇಲೆ ಕೂತು ಆ ಅಧ್ಯಾಯವನ್ನು ಓದುತ್ತಾರೆ. ಕಥೆಯಲ್ಲಿ ನೀರು ಕೊನೆಯ ಹೊಲ ಮುಟ್ಟಿದಾಗ ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡು ಕೇಳುತ್ತಾರೆ: "ಇದೊಂದೇ ಸಲಾನಾ, ಯಾವಾಗ್ಲೂನಾ?"

ಮಾರಪ್ಪ ನೋಟ್‌ಬುಕ್ ಮಡಚಿ ನಗುತ್ತಾರೆ. "ನೀರಿನ ಸರದೀನೇ ಬದಲಿಸೀನಿ ದುರುಗವ್ವ. ಅಲ್ಲೀಗ ನೀರು ಕೊನೆಯಿಂದ ಶುರು."