ಕರಿ ಕೈ, ಡಾಕ್ಟರ್ ಸೀಟು

ಮೊಮ್ಮಗಳು ಡಾಕ್ಟರ್ ಓದ್ತೀನಿ ಅಂದಾಗ ಮೊದಲು ನಕ್ಕವಳು ನಾನೇ. ನಗದೆ ಇನ್ನೇನು? ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದು ಸಲ ಮುಳುಗಿಸಿ, ಎರಡನೇ ಸಲ ಕಟ್ಟಿ, ಅಂತೂ ದಡ ಹತ್ತಿದವಳು. ಫಿಸಿಕ್ಸಿನಲ್ಲಿ ಬಂದ ಮಾರ್ಕು ನೋಡಿ ಪಾಪ ಅಂತ ಕೊಟ್ಟಿರಬೇಕು ಅಂದುಕೊಂಡಿದ್ದೆ.

"ಡಾಕ್ಟ್ರಾ? ಯಾರ ಮನೆಗೆ?" ಅಂದೆ.

"ನಮ್ಮನೆಗೇ ಕಣಜ್ಜಿ."

"ನಮ್ಮನೆಗಾದ್ರೆ ಪೊಲೀಸ್ ಆಗು. ಅದೇ ಬೇಕಾಗಿರೋದು."

ಅವಳೂ ನಕ್ಕಳು. ಆದರೆ ಮಾತು ವಾಪಸ್ ತಗೊಳ್ಳಲಿಲ್ಲ.

ಕುಂಬಾರಕೊಪ್ಪಲಿನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಇರೋರು ನಾಲ್ಕು ಜನ. ನನ್ನ ಮಗ ಗೋಡೆಗೆ ಬಣ್ಣ ಹೊಡೆಯೋನು. ಕೆಲಸ ಇದ್ದ ದಿನ ಕುಡೀತಾನೆ, ಇಲ್ಲದ ದಿನ ಇನ್ನೂ ಜಾಸ್ತಿ ಕುಡೀತಾನೆ. ಸೊಸೆ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಗುಡಿಸಿ ಒರೆಸೋ ಕೆಲಸಕ್ಕೆ ಹೋಗ್ತಾಳೆ. ಮಾತು ಕಮ್ಮಿ. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ. ನಾನು, ಮೊಮ್ಮಗಳು ಮನೆಯಲ್ಲೇ ಕೂತು ಊದುಬತ್ತಿ ಹೊಸೀತೀವಿ. ಇದ್ದಿಲು ಪುಡಿ, ಜಿಗಟು ಪುಡಿ, ನೀರು ಸೇರಿಸಿ ನಾದಿದರೆ ಕರಿ ಹಿಟ್ಟಾಗುತ್ತೆ. ಚಿಟಿಕೆ ಹಿಟ್ಟು ಕಡ್ಡಿಗೆ ಹಚ್ಚಿ ಮಣೆ ಮೇಲೆ ಒಂದು ಉಜ್ಜು ಉಜ್ಜಿದರೆ ಬತ್ತಿ. ಕೆಲಸ ಕಷ್ಟವಲ್ಲ, ಕೈ ಮಾತ್ರ ಯಾವತ್ತೂ ಬೆಳ್ಳಗಾಗಲ್ಲ.

ಡಾಕ್ಟರ್ ಓದಿಗೆ ನೀಟ್ ಅಂತ ಒಂದು ಪರೀಕ್ಷೆ. ಮೊದಲ ಸಲ ಬರೆದಾಗ ಬಂದ ಮಾರ್ಕು ಹೇಳೋಕೆ ಅವಳಿಗೇ ನಾಚಿಕೆ. ಎರಡನೇ ಸಲ ಸುಮಾರಾಗಿ ಬಂತು, ಸೀಟಿಗೆ ಸಾಲಲಿಲ್ಲ. ಕೋಚಿಂಗ್ ಗೀಚಿಂಗ್ ಏನೂ ಇಲ್ಲ. ಫೋನಿನಲ್ಲಿ ಯಾರೋ ಮೇಷ್ಟ್ರು ಪಾಠ ಹೇಳೋರು, ಇವಳು ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿಕೊಂಡು ಹೊಸೀತಾ ಕೇಳೋಳು. ಆಮೇಲೆ ಅದೇ ಪಾಠ ನನಗೆ ಹೇಳೋಳು. ಮೂತ್ರಪಿಂಡ ಎಂಗೆ ಸೋಸುತ್ತೆ, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ. ನನಗೆ ಅರ್ಧಕ್ಕರ್ಧ ತಿಳೀತಿರಲಿಲ್ಲ. ತಿಳೀಲಿಲ್ಲ ಅಂದರೆ ಅವಳಿಗೆ ಸಿಟ್ಟು. "ತಡಿ, ಇನ್ನೊಂದು ತರ ಹೇಳ್ತೀನಿ" ಅಂತ ಮತ್ತೆ ಶುರು ಮಾಡೋಳು. ಹಂಗೆ ಮೂರು ನಾಲ್ಕು ತರ ಹೇಳೋ ಹೊತ್ತಿಗೆ ಅವಳಿಗೆ ಬಂದುಬಿಡೋದು, ನನಗೆ ಬರ್ತಿರಲಿಲ್ಲ. ನನಗೆ ಬರೋದೇನೂ ಬೇಕಿರಲಿಲ್ಲ, ಬಿಡಿ.

ಸಂಜೆ ಆದರೆ ಮಗ ಬರೋನು. ಬಂದವನೇ ಟೀವಿ ಹಾಕಿ ಸೌಂಡ್ ಪೂರ್ತಿ ಏರಿಸೋನು. ಹುಡುಗಿ ಓದ್ತಾ ಕೂತಿದಾಳೆ ಅಂದರೆ ಇನ್ನೂ ಒಂದು ಕೈ ಜಾಸ್ತಿ.

"ಓದಿ ಯಾರನ್ನ ಉದ್ಧಾರ ಮಾಡ್ತಾಳೆ? ಎರಡು ಸಲ ಮಣ್ಣು ಮುಕ್ಕಿದ್ದು ಸಾಕಾಗ್ಲಿಲ್ವಾ?" ಅನ್ನೋನು.

ಒಂದು ದಿನ ನನಗೆ ರೇಗಿತು. ರಿಮೋಟು ಕಿತ್ತುಕೊಂಡು ಕರಿ ಹಿಟ್ಟಿನ ಬಕೆಟ್ಟಿಗೆ ಹಾಕಿಬುಟ್ಟೆ. ಅವನು ಬಕೆಟ್ಟಿಗೆ ಮೊಳಕೈವರೆಗೂ ಕೈ ಹಾಕಿ ಹುಡುಕಿದ. ಕರಿ ಕೈ ಎತ್ತಿಕೊಂಡು ನಿಂತವನನ್ನು ನೋಡಿ ಸೊಸೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಆ ರಿಮೋಟು ಮತ್ತೆ ಕೆಲಸ ಮಾಡಲಿಲ್ಲ.

ಆಗ ಅವನು ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳೋ ಹಂಗೆ ಹೇಳಿದ: "ಇದೇ ಕೊನೆ ಸಲ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಮದುವೆ. ಹುಡುಗನ್ನ ನೋಡಿಟ್ಟಿದ್ದೀನಿ. ಸ್ವಂತ ಟ್ಯಾಕ್ಸಿ ಐತೆ."

ಮೊಮ್ಮಗಳು ಪುಸ್ತಕದಿಂದ ತಲೆ ಎತ್ತದೆ "ಆಯ್ತು" ಅಂದಳು. ಅಷ್ಟೇ. ಇವಳು ತಮಾಷೆಗೆ ಓದ್ತಿಲ್ಲ ಅಂತ ಅವತ್ತು ಗೊತ್ತಾಯಿತು. ಅಲ್ಲಿಂದ ನನಗೂ ಹುಚ್ಚು ಹಿಡಿಯಿತು. ಪರೀಕ್ಷೆ ಅವಳದು, ನಿದ್ದೆಗೆಟ್ಟವಳು ನಾನು.

ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಸೊಸೆ ಹಿತ್ತಲಲ್ಲಿ ಮಗಳ ಕೈ ಹಿಡಿದು ಉಜ್ಜುತಾ ಇದ್ದಾಳೆ. ಫ್ಯಾಕ್ಟರಿಯಿಂದ ತಂದಿದ್ದ ಬ್ಲೀಚಿಂಗ್ ಪುಡಿ, ಪಾತ್ರೆ ಉಜ್ಜೋ ನಾರು, ಅದರ ಮೇಲೆ ಕಾಲುಜ್ಜೋ ಕಲ್ಲು. ಹೋದ ಸಲ ಪರೀಕ್ಷೆಯಲ್ಲಿ ಪಕ್ಕದ ಬೆಂಚಿನ ಹುಡುಗಿ ಇವಳ ಕೈ ನೋಡಿ ಬೆಂಚನ್ನೇ ಆ ಕಡೆ ಎಳಕೊಂಡಿದ್ದಳಂತೆ. ಇವಳು ಅದನ್ನು ಅಮ್ಮನಿಗೆ ಹೇಳಿದ್ದಳು. ಅಮ್ಮ ಒಂದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು, ಈಗ ಕಲ್ಲು ತಗೊಂಡು ಕೂತಿದ್ದಳು.

"ಅಮ್ಮಾ, ಉರಿ ಕಣಮ್ಮಾ!"

"ಇರು. ಇನ್ನೊಂಚೂರು."

ಕಪ್ಪೆಲ್ಲ ಹೋಗಿ ಅಂಗೈ ಕೆಂಪಗೆ ಮಿರಮಿರ ಮಿಂಚಿತು. "ಡಾಕ್ಟರಮ್ಮನ ಕೈ ಇದ್ದಂಗೇ ಅದೆ" ಅಂದೆ. ಸೊಸೆ ನಕ್ಕಿದ್ದನ್ನು ನಾನು ಬಹಳ ದಿನಕ್ಕೆ ನೋಡಿದೆ.

ಮೂರೂ ಜನ ಆಟೋದಲ್ಲಿ ಹೊರಟೆವು. ಪರೀಕ್ಷೆ ಊರೊಳಗಿನ ಒಂದು ಶಾಲೆಯಲ್ಲಿ. ಗೇಟಿನ ಮುಂದೆ ಜಾತ್ರೆಯ ಹಾಗೆ ಜನ. ಕಿವಿಯೋಲೆ ಬಿಚ್ಚಿ, ಬಳೆ ತೆಗೆದು, ಕೂದಲಿನ ಪಿನ್ನು ಸಮೇತ ನನ್ನ ಸೆರಗಿಗೆ ಕಟ್ಟಿ, ಹುಡುಗಿ ಅಡ್ಡ ಕಟ್ಟಿದ್ದ ಹಗ್ಗದ ಆಚೆ ಸಾಲಿಗೆ ಹೋದಳು. ನಾವು ಈಚೆ. ಅಲ್ಲಿ ಮೇಜಿನ ಮೇಲೆ ಬೆರಳೊತ್ತೋ ಯಂತ್ರ. ಅರ್ಜಿ ಹಾಕಿದವಳೇ ಬಂದಿದ್ದಾಳಾ, ಬೇರೆ ಯಾರಾದರೂ ಬಂದಿದ್ದಾರಾ ಅಂತ ನೋಡೋಕಂತೆ. ಮಕ್ಕಳು ಒಬ್ಬೊಬ್ಬರಾಗಿ ಒತ್ತಿದರು, ಹಸಿರು ದೀಪ ಹತ್ತಿತು, ಒಳಗೆ ಹೋದರು.

ನಮ್ಮವಳು ಒತ್ತಿದಳು. ಕೆಂಪು. ಮತ್ತೆ ಒತ್ತಿದಳು. ಕೆಂಪು. ಇನ್ನೊಂದು ಕೈ ಹೆಬ್ಬೆರಳು. ಅದೂ ಕೆಂಪು.

ನನಗೆ ತಕ್ಷಣ ಹೊಳೆಯಿತು. ಬತ್ತಿ ಹೊಸೆದು ಹೊಸೆದು ನಮ್ಮ ಬೆರಳಿನ ಗೆರೆ ಸವೆದಿರುತ್ತೆ. ರೇಷನ್ ಅಂಗಡಿ ಯಂತ್ರದಲ್ಲಿ ನನ್ನದೂ ಪ್ರತಿ ತಿಂಗಳು ಇದೇ ಗೋಳು. ಇವಳದು ಎಳೇ ಕೈ, ಅಲ್ಪಸ್ವಲ್ಪ ಗೆರೆ ಉಳಿದಿತ್ತು. ಆ ಉಳಿದದ್ದನ್ನು ಸೊಸೆ ಬೆಳಿಗ್ಗೆ ಕಲ್ಲು ಹಾಕಿ ಉಜ್ಜಿಬುಟ್ಟಿದ್ದಳು. ಸೊಸೆಯ ಮುಖ ನೋಡಿದೆ. ಅವಳಿಗೂ ಹೊಳೆದಿತ್ತು. ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಪಕ್ಕಕ್ಕೆ ನಿಂತ್ಕೊಳಮ್ಮ, ಬೇರೆಯವರು ಹೋಗ್ಲಿ. ಆಮೇಲೆ ನೋಡೋಣ" ಅಂದಳು ಯಂತ್ರದ ಹುಡುಗಿ. ಮರ್ಯಾದೆಯಾಗೇ ಅಂದಳು, ಆದರೆ ಗೇಟು ಹಾಕೋ ಹೊತ್ತು ಹತ್ತಿರ ಬರ್ತಿತ್ತು.

ನಾನು ಹಗ್ಗದ ಈಚೆಯಿಂದ ಕೂಗಿದೆ. "ತಲೆಗೆ ಉಜ್ಜೇ! ಬೆರಳನ್ನ ತಲೆಗೆ ಉಜ್ಜಿ ಒತ್ತು! ಎಣ್ಣೆ ಹತ್ತುತ್ತೆ!" ರೇಷನ್ ಅಂಗಡಿಯಲ್ಲಿ ನಾವೆಲ್ಲ ಹಂಗೇ ಮಾಡೋದು. ಅವಳು ತಲೆಗೆ ಉಜ್ಜಿ ಒತ್ತಿದಳು. ಕೆಂಪು. ತಲೆ ನಿನ್ನೆ ತಾನೇ ಶಾಂಪೂ ಹಾಕಿ ತೊಳೆದಿದ್ದಳು, ಎಣ್ಣೆ ಎಲ್ಲಿಂದ ಬರಬೇಕು?

ಅಷ್ಟೊತ್ತಿಗೆ ಹಗ್ಗದ ಹತ್ತಿರ ಇದ್ದವರಿಗೆಲ್ಲ ವಿಷಯ ತಿಳಿದುಹೋಯಿತು. ಒಬ್ಬೊಬ್ಬರು ಒಂದೊಂದು ಹೇಳೋರು.

"ಬಾಯಿಂದ ಹಬೆ ಊದಿ ಒತ್ತು ಮಗಾ!"

"ಹಬೆ ಬೇಡ ಕಣ್ರೀ, ಒಣಗಿರಬೇಕು. ಒರೆಸ್ಕೊಳಮ್ಮ, ಒರೆಸ್ಕೋ!"

"ನನ್ ಹತ್ರ ಕೊಬ್ರಿ ಎಣ್ಣೆ ಐತೆ, ಯಾರಾದ್ರೂ ಆ ಕಡೆ ಕೊಡಿ."

"ರೀ, ಎಣ್ಣೆ ಕೊಟ್ರೆ ಯಂತ್ರ ಕೆಟ್ಟೋಗುತ್ತೆ. ಆಮೇಲೆ ನಿಮ್ ಮಗಳಿಗೂ ಇಲ್ಲ, ನನ್ ಮಗನಿಗೂ ಇಲ್ಲ!"

"ನಿಮ್ ಮಗ ಒಳಗೋದ್ನಲ್ಲ ಸ್ವಾಮಿ, ಸುಮ್ನಿರಿ!"

ಯಾರಿಗೆ ಯಾರು ಹೇಳ್ತಿದ್ದಾರೆ ಅಂತಲೇ ತಿಳೀತಿರಲಿಲ್ಲ. ಇಷ್ಟು ವಯಸ್ಸಿಗೆ ಇಷ್ಟು ಜೋರಾಗಿ ಕೂಗಿದ್ದು ನಾನು ಅದೇ ಮೊದಲು. ಪೊಲೀಸಿನವನು "ಅಜ್ಜಿ, ಹಗ್ಗ ದಾಟಬೇಡಿ" ಅಂದಾಗ ನೋಡಿಕೊಂಡೆ, ಒಂದು ಕಾಲು ಆ ಕಡೆ ಇತ್ತು.

ಹುಡುಗಿ ಅಳಲಿಲ್ಲ. ಒಂದು ಗಳಿಗೆ ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಆಮೇಲೆ ಗಾಳಿಯಲ್ಲೇ ಬತ್ತಿ ಹೊಸೆಯೋ ಹಾಗೆ ಕೈ ಆಡಿಸಿದಳು. ಬಲ ಅಂಗೈ ಉಜ್ಜಿತು, ಎಡಗೈ ಕಡ್ಡಿ ಹಿಡಿಯಿತು. ಕಡ್ಡಿ ಹಿಡಿಯುವಾಗ ನಾವು ಎಡಗೈ ಕಿರುಬೆರಳನ್ನು ಮೇಲಕ್ಕೆ ಎತ್ತಿ ಹಿಡೀತೀವಿ, ಹಿಟ್ಟು ತಾಗಬಾರದು ಅಂತ. ಅದಕ್ಕೆ ಮಸಿ ಹತ್ತಲ್ಲ. ಮಸಿ ಹತ್ತದ ಬೆರಳನ್ನು ಅವರಮ್ಮ ಉಜ್ಜಿರಲಿಲ್ಲ.

"ಮೇಡಂ, ಈ ಬೆರಳು ಇಡ್ಲಾ?"

"ಹೆಬ್ಬೆರಳು ಬರಬೇಕಮ್ಮ..."

"ಅರ್ಜಿ ಹಾಕೋವಾಗ ಹತ್ತೂ ಬೆರಳು ತಗೊಂಡಿದ್ರು ಮೇಡಂ."

ಯಂತ್ರದ ಹುಡುಗಿ ಹಿಂದೆ ತಿರುಗಿ ತನ್ನ ಮೇಲಿನವರನ್ನು ಕೇಳಿದಳು. ಅವರು ಬಂದು ನೋಡಿ, "ಇಡಲಿ, ಇಡಲಿ. ಯಾವುದಾದ್ರೂ ಒಂದು ಬಂದ್ರೆ ಸಾಕು" ಅಂದರು.

ಇಟ್ಟಳು. ಹಸಿರು.

ಹಗ್ಗದ ಈಚೆ ಶಿಳ್ಳೆ ಬಿತ್ತು. ಎಣ್ಣೆ ಶೀಸೆಯವಳು ನನ್ನನ್ನು ತಬ್ಬಿಕೊಂಡಳು, ಯಾರೋ ಏನೋ. ಸೊಸೆ ಹಗ್ಗ ಬಿಟ್ಟು ಅಲ್ಲೇ ಫುಟ್‌ಪಾತಿನ ಮೇಲೆ ಕೂತಳು. ಹುಡುಗಿ ಹಿಂದೆ ತಿರುಗಿ ನೋಡದೆ ಒಳಗೆ ಓಡಿದಳು. ಅವಳ ಹಿಂದೆ ಗೇಟು ಹಾಕಿದರು.

ಮಾರ್ಕು ಬಂದ ದಿನ, "ಸಿಗುತ್ತಾ, ಇಲ್ವಾ? ಅದು ಹೇಳು ಸಾಕು" ಅಂದೆ.

"ಅಂಚಲ್ಲಿದ್ದೀನಿ ಅಜ್ಜಿ. ಸಿಕ್ಕಿದ್ರೂ ಸಿಗಬಹುದು."

ಸೀಟಿನಲ್ಲಿ ನಮ್ಮಂಥವರಿಗೆ ಒಂದು ಪಾಲು ಇದೆ, ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲೇ ಓದಿದ್ದಕ್ಕೆ ಇನ್ನೊಂದು ಪಾಲು ಇದೆ. ಎರಡೂ ಸೇರಿದರೂ ಮೊದಲ ರೌಂಡಿನಲ್ಲಿ ಸೀಟು ಬರಲಿಲ್ಲ. ಎರಡನೇ ರೌಂಡಿನಲ್ಲೂ ಇಲ್ಲ. ಕೊನೇ ರೌಂಡಿನದು ಯಾವಾಗ ಬರುತ್ತೋ ಅಂತ ಅವಳು ಫೋನು ನೋಡೋದು, ನಾನು ಅವಳ ಮುಖ ನೋಡೋದು. ಬತ್ತಿ ಎಷ್ಟು ಸೊಟ್ಟ ಆದವೋ, ಬತ್ತಿ ತಗೊಂಡು ಹೋಗೋ ಕಂಟ್ರಾಕ್ಟ್ರು ಬೈದು ವಾಪಸ್ ಕಳಿಸಿದ.

ಮಗ ಕಾಯಲಿಲ್ಲ. ಎರಡು ರೌಂಡು ಹೋದವು ಅಂತ ಗೊತ್ತಾದ ಮೇಲೆ, ಒಂದು ದಿನ ಮಧ್ಯಾಹ್ನ ಟ್ಯಾಕ್ಸಿ ಹುಡುಗನನ್ನೂ ಅವನ ತಾಯಿಯನ್ನೂ ಕರಕೊಂಡು ಬಂದೇಬುಟ್ಟ. ಅವತ್ತು ಅವನು ಕುಡಿದಿರಲಿಲ್ಲ, ಶರ್ಟಿಗೆ ಇಸ್ತ್ರಿ ಬೇರೆ. ಹುಡುಗಿ ಆಯ್ತು ಅಂದಿದ್ದಳಲ್ಲ, ಮಾತಿಗೆ ಸರಿಯಾಗಿ ಸೀರೆ ಉಟ್ಟು ಬಂದಳು. ಫೋನನ್ನು ಮಾತ್ರ ಉಪ್ಪಿಟ್ಟಿನ ತಟ್ಟೆಯ ಕೆಳಗೆ ಹಿಡಿದುಕೊಂಡಿದ್ದಳು. ನನಗೆ ಕಾಣಿಸ್ತಿತ್ತು, ಅವರಿಗೆ ಕಾಣಿಸ್ತಿರಲಿಲ್ಲ.

ಹುಡುಗನ ತಾಯಿ ನನ್ನಷ್ಟೇ ಬಾಯಿ ಇರೋಳು. "ಏನು ಓದವ್ಳೆ?" ಅಂದಳು.

"ಪಿಯುಸಿ. ಮುಂದೆ ಓದೋದೇನಿಲ್ಲ" ಅಂದ ನನ್ನ ಮಗ.

ಅಷ್ಟರಲ್ಲಿ ತಟ್ಟೆ ಕೆಳಗೆ ಫೋನು ಗುಂಯ್ ಅಂತು, ಅವಳು ತಟ್ಟೆ ಓರೆ ಮಾಡಿ ನೋಡಿದಳು. ಉಪ್ಪಿಟ್ಟು ಹುಡುಗನ ಪ್ಯಾಂಟಿನ ಮೇಲೆ.

"ಸಿಕ್ತು!" ಅಂದಳು. ಕಿರುಚಿದಳು ಅನ್ನಬೇಕು. "ಅಜ್ಜೀ, ಸಿಕ್ತು! ಸರ್ಕಾರಿ ಸೀಟು! ಅಮ್ಮಾ, ಸಿಕ್ತಮ್ಮಾ!"

"ಏನು ಸಿಕ್ತು?" ಅಂದಳು ಬೀಗಿತ್ತಿ ಆಗಬೇಕಿದ್ದವಳು.

"ಡಾಕ್ಟರ್ ಸೀಟು ಕಣಮ್ಮ. ಉಪ್ಪಿಟ್ಟು ತಿನ್ನಿ, ಇನ್ನೂ ಐತೆ. ಹುಡುಗಿ ಇಲ್ಲ" ಅಂದೆ.

ಹುಡುಗ ಪ್ಯಾಂಟು ಒರೆಸಿಕೊಳ್ತಾ ನಗ್ತಾ ಇದ್ದ. ಒಳ್ಳೆ ಹುಡುಗ ಇರಬೇಕು. ಅವನ ತಾಯಿ ಸೀರೆ ಸರಿಸಿ ಕಾಲು ಮುಂದಕ್ಕೆ ಚಾಚಿದಳು. "ನನ್ ಮಂಡಿ ನೋಡಮ್ಮ. ಮೆಟ್ಲು ಹತ್ತೋಕಾಗಲ್ಲ."

"ಇನ್ನೂ ಸೇರಿಲ್ಲ ಆಂಟಿ!"

"ಸೇರಿದ್ ಮೇಲೆ ಎಲ್ಲಿ ಸಿಗ್ತೀಯ? ಈಗ್ಲೇ ನೋಡ್ಬುಡು."

ಇವಳು ನಿಜವಾಗಲೂ ಕೂತು ಮಂಡಿ ಒತ್ತಿ ನೋಡಿದಳು! ಏನೂ ತಿಳೀದೆ ನಕ್ಕಳು, ನಗ್ತಾ ನಗ್ತಾ ಅತ್ತಳು. ಮಗ ಬಾಯಿ ತೆರೆದು "ಆದ್ರೆ..." ಅಂದ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಆದ್ರೆ ಗೀದ್ರೆ ಏನೂ ಇಲ್ಲ. ಹೋಗ್ತಾಳೆ" ಅಂದಳು. ಮದುವೆ ಆಗಿ ಬಂದಾಗಿನಿಂದ ಅವಳು ಅವನ ಮಾತಿಗೆ ಎದುರು ಹೇಳಿದ್ದು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ ಅಂತ ಕಾಣುತ್ತೆ.

ಕಾಲೇಜು ಬೇರೆ ಜಿಲ್ಲೆಯಲ್ಲಿ, ಹಾಸ್ಟೆಲು ಅಲ್ಲೇ. ಸೇರೋಕೆ ಜಾಸ್ತಿ ದಿನ ಕೊಟ್ಟಿರಲಿಲ್ಲ. ಮಾರನೇ ದಿನವೇ ಬಸ್‌ಸ್ಟ್ಯಾಂಡಿಗೆ ಹೋದೆವು, ನಾನು, ಸೊಸೆ, ಹುಡುಗಿ. ಮಗ ಕರೆಯದೆ ಹಿಂದೆ ಬಂದ. ಟ್ರಂಕು ಎತ್ತೋಕೆ ಬಂದಾಗ "ಎತ್ತು, ಭಾರ ಐತೆ" ಅಂದೆ. ಎತ್ತಿ ಬಸ್ಸಿಗೆ ಹಾಕಿದ. ಇಳಿಯೋ ಮುಂಚೆ ಕಂಡಕ್ಟರ ಮುಂದೆ ನಿಂತು, "ನನ್ ಮಗಳು ಕಣ್ರೀ. ಡಾಕ್ಟ್ರು" ಅಂದ.

"ಸಂತೋಷ ಸ್ವಾಮಿ. ಟಿಕೆಟ್ ಎಷ್ಟು ಜನಕ್ಕೆ?"

"ಮೂರು" ಅಂದೆ ನಾನು. ಮಗ ಇಳಿದುಕೊಂಡ.

ಬಸ್ಸು ಊರು ದಾಟೋ ಮುಂಚೆಯೇ ಹುಡುಗಿ ಶುರು ಮಾಡಿದಳು. ಬಿಳಿ ಕೋಟು ಎಲ್ಲಿ ಹೊಲಿಸೋದು, ಮೊದಲ ವರ್ಷ ಯಾವ ಯಾವ ಪಾಠ, ಹೆಣ ಕುಯ್ಯೋ ದಿನ ತಲೆ ಸುತ್ತಿದರೆ ಏನು ಮಾಡೋದು, ಇಂಗ್ಲಿಷಿನಲ್ಲಿ ಕೇಳಿದರೆ ಎಂಗೆ ಹೇಳೋದು, ಫೇಲಾದರೆ ಎಷ್ಟು ಸಲ ಬರೆಯಬಹುದು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಕಾಲೇಜಿನ ಊರು ಬರೋವರೆಗೂ ಅವಳ ಬಾಯಿ ನಿಲ್ಲಲಿಲ್ಲ. ನಾನೂ ನಿಲ್ಲಿಸು ಅನ್ನಲಿಲ್ಲ.